640 ಜಿಬಿ ಡೇಟಾಬೇಸ್, ಎರಡು ನಿಮಿಷದೊಳಗಿನ ತಡೆ: ಫಿಸಿಕಲ್ ಸರ್ವರ್ ವರ್ಚುವಲ್ ಆದ ಒಂದು ಪ್ರಕರಣ

ಹುಬ್ಬಳ್ಳಿಯಲ್ಲಿ ಔಷಧಗಳ ಸಗಟು ವ್ಯಾಪಾರ ಮಾಡುವ ಒಂದು ಸಂಸ್ಥೆ. ಗದಗ, ಹಾವೇರಿ, ಶಿರಸಿ ಕಡೆಯ ಮೆಡಿಕಲ್ ಅಂಗಡಿಯವರು ರಾತ್ರಿ ಬಾಗಿಲು ಹಾಕುವ ಹೊತ್ತಿಗೆ ಮೊಬೈಲ್ ಆ್ಯಪ್‌ನಲ್ಲಿ ಆರ್ಡರ್ ಹಾಕುತ್ತಾರೆ. ನಸುಕಿನಲ್ಲಿ ಗೋಡೌನ್‌ನಲ್ಲಿ ಪ್ಯಾಕಿಂಗ್ ನಡೆಯುತ್ತದೆ. ಬೆಳಗಿನ ಐದೂವರೆಗೆ ಮೊದಲ ವ್ಯಾನ್ ಹೊರಡಬೇಕು. ಬಿಲ್ ಇಲ್ಲದೆ ವ್ಯಾನ್ ಹೊರಡುವ ಹಾಗಿಲ್ಲ. ಆ ಬಿಲ್ ಮೇಲೆ ಬ್ಯಾಚ್ ನಂಬರ್ ಮತ್ತು ಎಕ್ಸ್‌ಪೈರಿ ಇರಬೇಕು, ಇ-ಇನ್‌ವಾಯ್ಸ್‌ನ ಐಆರ್‌ಎನ್ (ಸರ್ಕಾರಿ ಪೋರ್ಟಲ್ ಕೊಡುವ ಬಿಲ್ ಗುರುತಿನ ಸಂಖ್ಯೆ) ಕೂಡ ಇರಬೇಕು. ಇದೆಲ್ಲ ಬರುವುದು ಒಂದೇ ಡೇಟಾಬೇಸ್‌ನಿಂದ. ಅದು ಕೂತಿದ್ದದ್ದು ಒಂದೇ ಕಬ್ಬಿಣದ ಪೆಟ್ಟಿಗೆಯಲ್ಲಿ. ಸಂಸ್ಥೆಯ ಗುರುತು ಸಿಗಬಾರದೆಂದು ಹೆಸರು ಬಿಟ್ಟಿದ್ದೇನೆ, ಅಂಕಿಗಳನ್ನು ದುಂಡಾಗಿಸಿದ್ದೇನೆ.

ಸರ್ವರ್‌ಗೆ ಸುಮಾರು ಹತ್ತು ವರ್ಷ ವಯಸ್ಸಾಗಿತ್ತು. ಎರಡು ಕ್ಸಿಯಾನ್ ಪ್ರೊಸೆಸರ್, 64 ಜಿಬಿ ಮೆಮೊರಿ, ಎಂಟು ಸ್ಯಾಸ್ ಡಿಸ್ಕ್‌ಗಳ ರೇಡ್ 10 (ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವ ಜೋಡಣೆ). ಸೆಂಟ್‌ಓಎಸ್ 7 ಎಂಬ ಲಿನಕ್ಸ್ ಮೇಲೆ ಪೋಸ್ಟ್‌ಗ್ರೆಸ್ 11 ಎಂಬ ಡೇಟಾಬೇಸ್ ಸಾಫ್ಟ್‌ವೇರ್. ಡೇಟಾ 640 ಜಿಬಿ ಆಸುಪಾಸು. ಸೆಂಟ್‌ಓಎಸ್ 7ರ ಬೆಂಬಲ 2024ರ ಜೂನ್ 30ಕ್ಕೆ ಮುಗಿಯಿತು. ಪೋಸ್ಟ್‌ಗ್ರೆಸ್ 11ರದು 2023ರ ನವೆಂಬರ್‌ನಲ್ಲೇ ಮುಗಿದಿತ್ತು. ಆದರೆ ಮಾಲೀಕರನ್ನು ಎಬ್ಬಿಸಿದ್ದು ಇವೆರಡೂ ಅಲ್ಲ. ರೇಡ್ ಕಾರ್ಡ್‌ನ ಬ್ಯಾಟರಿ ಪದೇ ಪದೇ ಎಚ್ಚರಿಕೆ ಕೊಡತೊಡಗಿತ್ತು. ಆ ಮಾದರಿಯ ಕಾರ್ಡ್ ಈಗ ಹೊಸದಾಗಿ ಸಿಗುವುದಿಲ್ಲ. ಹಳೇ ಸಾಮಾನಿನ ಅಂಗಡಿಯಲ್ಲಿ ಹುಡುಕಿ ತಂದ ಬಿಡಿಭಾಗದ ಮೇಲೆ ಇಡೀ ವ್ಯಾಪಾರ ನಿಲ್ಲಿಸುವುದು ಯಾರಿಗೂ ಬೇಡವಾಗಿತ್ತು.

ಅಷ್ಟರಲ್ಲಿ ಎರಡು ಹೊಸ ಸರ್ವರ್ ಬಂದವು. ಡೇಟಾಬೇಸನ್ನು ಅವುಗಳೊಳಗೆ ಒಂದು ವರ್ಚುವಲ್ ಮಷಿನ್‌ಗೆ (ವಿಎಂ, ಸಾಫ್ಟ್‌ವೇರ್‌ನಿಂದಲೇ ಆದ ಕಂಪ್ಯೂಟರ್) ಸಾಗಿಸುವುದು ನಮ್ಮ ಕೆಲಸ. ವಿಎಂ ನಡೆಸಲು ಮೊದಲು ವಿಎಂವೇರ್ ಹಾಕುವ ಯೋಚನೆ ಇತ್ತು. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ಆ ಕಂಪನಿಯನ್ನು ಕೊಂಡ ಮೇಲೆ ಲೈಸೆನ್ಸ್ ಪದ್ಧತಿ ಬದಲಾಯಿತು, ಸಣ್ಣ ಗಿರಾಕಿಗಳಿಗೆ ಲೆಕ್ಕ ಕೂಡಲಿಲ್ಲ. ಹಾಗಾಗಿ ಪ್ರಾಕ್ಸ್‌ಮಾಕ್ಸ್. ಕೆವಿಎಂ (ಲಿನಕ್ಸ್‌ನಲ್ಲೇ ಇರುವ, ವಿಎಂ ನಡೆಸುವ ಭಾಗ) ಆಧಾರದ, ಡೆಬಿಯನ್ ಲಿನಕ್ಸ್ ಮೇಲೆ ಕಟ್ಟಿದ ಪ್ಲಾಟ್‌ಫಾರ್ಮ್ ಅದು.

ಮಾಲೀಕರ ಷರತ್ತು ಒಂದೇ. "ಭಾನುವಾರ ರಾತ್ರಿ ಏನಾದರೂ ಮಾಡಿಕೊಳ್ಳಿ. ಸೋಮವಾರದ ವ್ಯಾನ್ ತಪ್ಪಬಾರದು."

ಎಷ್ಟು ಹೊತ್ತು ನಿಂತರೆ ನಡೆಯುತ್ತದೆ?

ಡೌನ್‌ಟೈಮ್, ಅಂದರೆ ವ್ಯವಸ್ಥೆ ನಿಂತಿರುವ ಹೊತ್ತು, ಸೊನ್ನೆ ಇರಬೇಕು ಅಂತ ಎಲ್ಲರೂ ಹೇಳುತ್ತಾರೆ. ಸೊನ್ನೆಗೆ ದುಡ್ಡು ಎಷ್ಟು ಅಂತ ಹೇಳಿದ ಕೂಡಲೇ ಮಾತು ಬದಲಾಗುತ್ತದೆ. ಗೋಡೌನ್ ಮೇಲ್ವಿಚಾರಕರ ಜೊತೆ ಕೂತು ಕೇಳಿದಾಗ ಬೇರೆಯೇ ಚಿತ್ರ ಸಿಕ್ಕಿತು. ಭಾನುವಾರ ರಾತ್ರಿ ಹನ್ನೊಂದರಿಂದ ಮೂರರವರೆಗೆ ಆರ್ಡರ್ ತೀರಾ ಕಡಿಮೆ. ಆಗ ಹತ್ತು ನಿಮಿಷ ನಿಂತರೂ ಯಾರಿಗೂ ಗೊತ್ತಾಗುವುದಿಲ್ಲ. ಅರ್ಧ ಗಂಟೆ ನಿಂತರೆ ಕೆಲವು ಫೋನ್ ಬರುತ್ತವೆ. ನಸುಕಿನ ಮೂರು ದಾಟಿಯೂ ನಿಂತಿದ್ದರೆ ಪ್ಯಾಕಿಂಗ್ ಕೆಡುತ್ತದೆ. ಜಿಎಸ್‌ಟಿಆರ್-1 ಸಲ್ಲಿಸುವ 11ನೇ ತಾರೀಕು, 3ಬಿ ಸಲ್ಲಿಸುವ 20ನೇ ತಾರೀಕು, ಇವುಗಳ ಹತ್ತಿರ ಮಾತ್ರ ಕೈ ಹಾಕಬಾರದು.

ಹೀಗೆ ನಮಗೆ ಸಿಕ್ಕ ಗುರಿ ಹತ್ತು ನಿಮಿಷ. ನನಗೆ ಇದರಲ್ಲಿ ಇನ್ನೊಂದು ಅನುಕೂಲ ಕಂಡಿತು. ಹತ್ತು ನಿಮಿಷ ಒಪ್ಪಿಗೆ ಇದ್ದು ಎರಡು ನಿಮಿಷದಲ್ಲಿ ಮುಗಿಸುವ ಯೋಜನೆ ಮಾಡಿದರೆ, ಉಳಿದ ಎಂಟು ನಿಮಿಷ ವಾಪಸ್ ಹೋಗಲು ಸಿಗುತ್ತದೆ.

ಡಿಸ್ಕ್ ಕಾಪಿ ಯಾಕೆ ಬೇಡ ಅಂದೆವು

ಫಿಸಿಕಲ್‌ನಿಂದ ವರ್ಚುವಲ್‌ಗೆ ಅಂದ ಕೂಡಲೇ ಎಲ್ಲರ ತಲೆಗೆ ಬರುವುದು ಡಿಸ್ಕ್ ಕ್ಲೋನ್. ಇಡೀ ಡಿಸ್ಕ್ ಕಾಪಿ ಮಾಡು, ವಿಎಂ ಒಳಗೆ ಇಡು, ಆನ್ ಮಾಡು. ವೆಬ್ ಸರ್ವರ್‌ಗೆ, ಯಾವುದೋ ಹಳೇ ಅಟೆಂಡೆನ್ಸ್ ಸಾಫ್ಟ್‌ವೇರ್‌ಗೆ ಇದು ಸರಿಯಾದ ದಾರಿಯೇ. ಬರೆಯುತ್ತಲೇ ಇರುವ ಡೇಟಾಬೇಸ್‌ಗೆ ಲೆಕ್ಕ ಬೇರೆ.

ಇಂಥ ಕಾಪಿಗೆ ವರ್ಟ್-ಪಿ2ವಿ ಎಂಬ ಸಾಧನ ಇದೆ. ಅದರ ಸಿಡಿಯಿಂದಲೇ ಹಳೇ ಸರ್ವರ್ ಬೂಟ್ ಮಾಡಬೇಕು. ಅಂದರೆ ಕಾಪಿ ಮುಗಿಯುವವರೆಗೂ ಸರ್ವರ್ ಬಂದ್. ನಮ್ಮ ನೆಟ್‌ವರ್ಕ್ 1 ಗಿಗಾಬಿಟ್. ಸೆಕೆಂಡಿಗೆ 125 ಎಂಬಿ ಅಂತ ಕಾಗದದ ಮೇಲೆ ಇದ್ದರೂ ಕೈಗೆ ಸಿಗುವುದು 110ರ ಸುಮಾರು. ಡಿಸ್ಕ್ ಒಟ್ಟು 2 ಟಿಬಿ. ಗುಣಿಸಿ ನೋಡಿದರೆ ಐದು ಗಂಟೆ. ಅದೂ ಎಲ್ಲ ಸರಿಯಾಗಿ ನಡೆದರೆ. ಕಾಪಿಯಾದ ವಿಎಂ ಮೊದಲ ಸಲಕ್ಕೇ ಏಳುತ್ತದೆ ಅನ್ನುವ ಖಾತ್ರಿಯೂ ಇಲ್ಲ. ಸೆಂಟ್‌ಓಎಸ್ 7ರ ಬೂಟ್ ಇಮೇಜ್‌ನಲ್ಲಿ ಸಾಮಾನ್ಯವಾಗಿ ಆ ಯಂತ್ರಕ್ಕೆ ಬೇಕಾದ ಡ್ರೈವರ್ ಮಾತ್ರ ಇರುತ್ತವೆ. ವಿಎಂನ ಡಿಸ್ಕ್ ಗುರುತಿಸುವ ವರ್ಟಿಐಒ ಡ್ರೈವರ್ ಸೇರಿಸಿ ಇಮೇಜ್ ಮತ್ತೆ ಕಟ್ಟದಿದ್ದರೆ ರೂಟ್ ಡಿಸ್ಕ್ ಕಾಣದೆ ಎಮರ್ಜೆನ್ಸಿ ಶೆಲ್‌ಗೆ ಬೀಳುತ್ತದೆ. ನೆಟ್‌ವರ್ಕ್ ಕಾರ್ಡ್‌ನ ಹೆಸರು ಬದಲಾಗಿ ಐಪಿ ಬರದೆ ಕೂರುವುದು ಇನ್ನೊಂದು ಕಥೆ.

ಸರ್ವರ್ ನಡೆಯುತ್ತಿರುವಾಗಲೇ ಸ್ನ್ಯಾಪ್‌ಶಾಟ್ (ಡಿಸ್ಕ್ ಒಂದು ಕ್ಷಣದಲ್ಲಿ ಇದ್ದ ಹಾಗಿನ ಪ್ರತಿ) ತೆಗೆದು ಕಾಪಿ ಮಾಡಬಹುದಲ್ಲ ಅಂತ ಅಲ್ಲಿನ ಐಟಿ ಹುಡುಗರು ಕೇಳಿದರು. ಒಳ್ಳೆಯ ಪ್ರಶ್ನೆ. ಸ್ನ್ಯಾಪ್‌ಶಾಟ್ ಒಂದೇ ಕ್ಷಣದ್ದಾದರೆ ಪೋಸ್ಟ್‌ಗ್ರೆಸ್ ತನ್ನ ರೈಟ್-ಅಹೆಡ್ ಲಾಗ್ (ಪ್ರತಿ ಬದಲಾವಣೆಯನ್ನು ಮೊದಲೇ ಬರೆದಿಡುವ ದಾಖಲೆ) ಓದಿ ಚೇತರಿಸಿಕೊಳ್ಳುತ್ತದೆ, ಕರೆಂಟ್ ಹೋಗಿ ಬಂದಾಗ ಮಾಡುವಂತೆಯೇ. ಆದರೆ ಇಲ್ಲಿ ಡೇಟಾ ಒಂದು ವಾಲ್ಯೂಮ್‌ನಲ್ಲಿ, ಆ ಲಾಗ್ ಇನ್ನೊಂದರಲ್ಲಿ. ಎರಡರ ಸ್ನ್ಯಾಪ್‌ಶಾಟ್ ಒಂದೇ ಕ್ಷಣದಲ್ಲಿ ಬರುವುದಿಲ್ಲ. ಬಂದರೂ, ಕಾಪಿ ಆಗುವ ಗಂಟೆಗಳಲ್ಲಿ ಬಂದ ಆರ್ಡರ್‌ಗಳು ಹಳೇ ಕಡೆಯೇ ಉಳಿದುಬಿಡುತ್ತವೆ.

ಡಂಪ್ ತೆಗೆದು, ಅಂದರೆ ಡೇಟಾವನ್ನೆಲ್ಲ ಫೈಲ್‌ಗೆ ಬರೆದು, ಹೊಸದರಲ್ಲಿ ತುಂಬುವುದು ಸ್ವಚ್ಛವಾದ ದಾರಿ. ಆದರೆ ಡಂಪ್, ಲೋಡ್, ಇಂಡೆಕ್ಸ್ (ಬೇಗ ಹುಡುಕಲು ಜೋಡಿಸಿಡುವ ಪಟ್ಟಿ) ಕಟ್ಟುವುದು ಎಲ್ಲ ಸೇರಿದರೆ ರಾತ್ರಿ ಸಾಲುವುದಿಲ್ಲ.

ಇಲ್ಲಿಗೆ ನಾವು ಪ್ರಶ್ನೆಯನ್ನೇ ಬದಲಿಸಿದೆವು. ಗಿರಾಕಿಗೆ ತಡೆ ಅನ್ನಿಸುವುದು ಹಳೇ ಕಡೆ ಕೊನೆಯ ಬರಹ ನಿಂತಾಗಿನಿಂದ ಹೊಸ ಕಡೆ ಮೊದಲ ಬರಹ ಶುರುವಾಗುವವರೆಗೆ ಮಾತ್ರ. ಅದರ ಹಿಂದೆ ಕಾಪಿ ವಾರಗಟ್ಟಲೆ ನಡೆದರೂ ಯಾರಿಗೇನು? ಹಾಗಾದರೆ ಯಂತ್ರವನ್ನು ಸಾಗಿಸುವುದೇ ಬೇಡ. ಖಾಲಿ ವಿಎಂ ಎಬ್ಬಿಸಿ, ಡೇಟಾ ತಾನಾಗಿ ಹರಿದು ಬರುವಂತೆ ಮಾಡಿದರೆ ಸಾಕು.

ಬ್ಯಾಚ್ ನಂಬರಿನ ಒಂದು ಅಡ್ಡಗೆರೆ

ಡೇಟಾ ಹರಿಸಲು ಪೋಸ್ಟ್‌ಗ್ರೆಸ್‌ನಲ್ಲಿ ಎರಡು ದಾರಿ. ಒಂದು ಸ್ಟ್ರೀಮಿಂಗ್ ರೆಪ್ಲಿಕೇಶನ್, ಬೈಟ್‌ಗೆ ಬೈಟ್ ನಕಲು. ಇನ್ನೊಂದು ಲಾಜಿಕಲ್ ರೆಪ್ಲಿಕೇಶನ್, ಸಾಲಿಗೆ ಸಾಲು ನಕಲು. ಮೊದಲನೆಯದು ಸುಲಭ, ಗಟ್ಟಿ, ಎಲ್ಲವೂ ತಾನಾಗಿ ಬರುತ್ತದೆ. ಸಹಜವಾಗಿ ಅದನ್ನೇ ಆರಿಸಿದೆವು. ಹೊಸ ವಿಎಂನಲ್ಲಿ ಡೆಬಿಯನ್ 12, ಅದೇ ಪೋಸ್ಟ್‌ಗ್ರೆಸ್ 11. ರಿಹರ್ಸಲ್ ಚೆನ್ನಾಗಿಯೇ ನಡೆಯಿತು. ರೆಪ್ಲಿಕಾ ಸೆಕೆಂಡಿನೊಳಗೆ ಹಿಂದೆಯೇ ಬರುತ್ತಿತ್ತು.

ಪರೀಕ್ಷೆಗೆ ಕೂತ ಗೋಡೌನ್ ಹುಡುಗ ಒಂದು ಬ್ಯಾಚ್ ನಂಬರ್ ಹುಡುಕಿದ. ಸಿಗಲಿಲ್ಲ. ಔಷಧದ ಹೆಸರಿನಿಂದ ಹುಡುಕಿದರೆ ಅದೇ ಬ್ಯಾಚ್ ಕಣ್ಣ ಮುಂದೆ ಬಂತು. ಸಾಲು ಇದೆ, ಆದರೆ ಇಂಡೆಕ್ಸ್ ಮೂಲಕ ಹೋದರೆ ಇಲ್ಲ!

ಕಾರಣ ಪೋಸ್ಟ್‌ಗ್ರೆಸ್‌ನಲ್ಲಿ ಇಲ್ಲ, ಅದರ ಕೆಳಗಿನ ಲಿನಕ್ಸ್‌ನಲ್ಲಿ ಇದೆ. ಅಕ್ಷರಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕು ಅನ್ನುವುದನ್ನು ಪೋಸ್ಟ್‌ಗ್ರೆಸ್ ಗ್ಲಿಬ್‌ಸಿ ಎಂಬ ಲೈಬ್ರರಿಯನ್ನು ಕೇಳುತ್ತದೆ. 2018ರಲ್ಲಿ ಬಂದ ಗ್ಲಿಬ್‌ಸಿ 2.28 ಆ ಕ್ರಮವನ್ನೇ ಬದಲಿಸಿತು. ಸೆಂಟ್‌ಓಎಸ್ 7ರಲ್ಲಿ ಇರುವುದು 2.17. ಡೆಬಿಯನ್ 12ರಲ್ಲಿ 2.36. "11" ಮತ್ತು "1-1" ಎರಡನ್ನು ಜೋಡಿಸಲು ಹೇಳಿ ನೋಡಿ. ಅಮೆರಿಕನ್ ಇಂಗ್ಲಿಷ್ ಲೊಕೇಲ್‌ನಲ್ಲಿ (ಭಾಷೆಯ ಸೆಟ್ಟಿಂಗ್‌ನಲ್ಲಿ) ಹಳೇ ಗ್ಲಿಬ್‌ಸಿ "11" ಅನ್ನು ಮೊದಲು ಇಡುತ್ತದೆ, ಹೊಸದು "1-1" ಅನ್ನು ಮೊದಲು ಇಡುತ್ತದೆ. ಅಡ್ಡಗೆರೆಯನ್ನು ಹಳೆಯದು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಹೊಸದು ತೆಗೆದುಕೊಳ್ಳುತ್ತದೆ, ಅಷ್ಟೇ.

ಔಷಧದ ಬ್ಯಾಚ್ ನಂಬರುಗಳಲ್ಲಿ ಅಡ್ಡಗೆರೆ, ಓರೆಗೆರೆ, ಚುಕ್ಕಿ ಏನು ಬೇಕಾದರೂ ಇರುತ್ತವೆ. ಇಂಡೆಕ್ಸ್ ಅಂದರೆ ನಿಘಂಟಿನ ಹಾಗೆ ಜೋಡಿಸಿಟ್ಟ ಪಟ್ಟಿ. ಜೋಡಿಸಿದವನದು ಒಂದು ಕ್ರಮ, ಹುಡುಕುವವನದು ಇನ್ನೊಂದು ಕ್ರಮ ಆದರೆ ಪದ ಪುಸ್ತಕದಲ್ಲಿದ್ದೂ ಸಿಗುವುದಿಲ್ಲ. ಇದಕ್ಕಿಂತ ಕೆಟ್ಟದ್ದೂ ಇದೆ. ಒಂದೇ ಇರಬೇಕಾದ ಬ್ಯಾಚ್ ಎರಡು ಸಲ ಸೇರಿಕೊಳ್ಳಬಹುದು. ಯಾಕೆಂದರೆ "ಇದು ಮೊದಲೇ ಇದೆಯಾ" ಅಂತ ನೋಡುವುದೂ ಇದೇ ಇಂಡೆಕ್ಸ್ ಮೂಲಕವೇ. ಎಲ್ಲಕ್ಕಿಂತ ಜಾಸ್ತಿ ಹೆದರಿಕೆ ಹುಟ್ಟಿಸುವ ಸಂಗತಿ ಅಂದರೆ, ಒಂದೇ ಒಂದು ಎರರ್ ಬರುವುದಿಲ್ಲ. ಅಮ್‌ಚೆಕ್ ಎಂಬ ಎಕ್ಸ್‌ಟೆನ್ಶನ್ ಹಾಕಿ ಪರೀಕ್ಷಿಸಿದಾಗ ಟೆಕ್ಸ್ಟ್ ಕಾಲಮ್‌ಗಳ ಇಂಡೆಕ್ಸ್‌ಗಳು ಒಂದೊಂದಾಗಿ ಕೆಂಪು ತೋರಿಸಿದವು. ನಂಬರ್ ಮತ್ತು ದಿನಾಂಕದ ಇಂಡೆಕ್ಸ್‌ಗಳು ಸರಿಯಾಗಿದ್ದವು.

ಸ್ಥಳಾಂತರದ ರಾತ್ರಿಯೇ ಟೆಕ್ಸ್ಟ್ ಇಂಡೆಕ್ಸ್‌ಗಳನ್ನೆಲ್ಲ ಮತ್ತೆ ಕಟ್ಟಬಹುದಿತ್ತು. ಆದರೆ ಅದು ಹತ್ತು ನಿಮಿಷದ ಕೆಲಸ ಅಲ್ಲ. ವಿಎಂನಲ್ಲೂ ಸೆಂಟ್‌ಓಎಸ್ 7 ಹಾಕಿ ಸಾಗಿಸಬಹುದಿತ್ತು. ಆಗ ಬೆಂಬಲ ಮುಗಿದ ಓಎಸ್ ಹೊಸ ಮನೆಗೂ ಬರುತ್ತದೆ, ಇದೇ ತೊಂದರೆ ಇನ್ನೊಂದು ರಾತ್ರಿಗೆ ಕಾಯುತ್ತದೆ. ಹಾಗಾಗಿ ಲಾಜಿಕಲ್ ರೆಪ್ಲಿಕೇಶನ್‌ಗೆ ತಿರುಗಿದೆವು. ಅದರಲ್ಲಿ ಬರುವುದು ಸಾಲುಗಳು ಮಾತ್ರ. ಇಂಡೆಕ್ಸ್‌ಗಳನ್ನು ಹೊಸ ಯಂತ್ರ ತನ್ನದೇ ಕ್ರಮದಲ್ಲಿ ಕಟ್ಟಿಕೊಳ್ಳುತ್ತದೆ. ಎರಡೂ ಕಡೆ ಒಂದೇ ವರ್ಶನ್ ಇರಬೇಕಿಲ್ಲ, ಹಾಗಾಗಿ ನೇರ ಪೋಸ್ಟ್‌ಗ್ರೆಸ್ 16ಕ್ಕೇ ಹೋಗಬಹುದು. ಹೊಸ ಡೇಟಾಬೇಸ್‌ನಲ್ಲಿ ಚೆಕ್‌ಸಮ್ (ಡಿಸ್ಕ್‌ನಲ್ಲಿ ಡೇಟಾ ಕೆಟ್ಟರೆ ಹಿಡಿಯುವ ವ್ಯವಸ್ಥೆ) ಕೂಡ ಆನ್ ಮಾಡಿಕೊಳ್ಳಬಹುದು.

ಒಂದೇ ಸಲ ಎರಡು ಬದಲಾವಣೆ ಬೇಡ ಅನ್ನುವ ಹಳೇ ಮಾತು ನನಗೂ ಗೊತ್ತು. ಸಾಮಾನ್ಯವಾಗಿ ಒಪ್ಪುತ್ತೇನೆ ಕೂಡ. ಇಲ್ಲಿ ಮಾತ್ರ ಒಪ್ಪಲಿಲ್ಲ. ಹೊಸ ಡೇಟಾಬೇಸ್ ನಿಜವಾದ ಡೇಟಾ ತುಂಬಿಕೊಂಡು, ವಾರಗಟ್ಟಲೆ, ಹಳೆಯದರ ಪಕ್ಕದಲ್ಲೇ ನಡೆಯುತ್ತದೆ. ರಿಪೋರ್ಟ್‌ಗಳನ್ನೆಲ್ಲ ಎರಡೂ ಕಡೆ ಓಡಿಸಿ ಹೋಲಿಸಬಹುದು. ಇಷ್ಟು ಪರೀಕ್ಷೆಯ ಅವಕಾಶ ಬೇರೆ ಯಾವ ದಾರಿಯಲ್ಲೂ ಇರಲಿಲ್ಲ.

ಲಾಜಿಕಲ್ ರೆಪ್ಲಿಕೇಶನ್ ಏನೇನು ತರುವುದಿಲ್ಲ

ತಾನಾಗಿ ಬರದ ವಸ್ತುಗಳ ಪಟ್ಟಿಯೇ ಈ ದಾರಿಯ ಕಷ್ಟ. ಟೇಬಲ್ ರಚನೆಯ ಬದಲಾವಣೆ ಬರುವುದಿಲ್ಲ. ಹಾಗಾಗಿ ಸಾಫ್ಟ್‌ವೇರ್ ಬರೆಯುವವರಿಗೆ, ಈ ಕೆಲಸ ಮುಗಿಯುವವರೆಗೆ ಒಂದು ಕಾಲಮ್ ಕೂಡ ಸೇರಿಸಬೇಡಿ ಅಂತ ಹೇಳಿಬಿಟ್ಟೆವು. ಲಾರ್ಜ್ ಆಬ್ಜೆಕ್ಟ್‌ಗಳು (ಡೇಟಾಬೇಸ್‌ನೊಳಗೇ ಇಟ್ಟ ದೊಡ್ಡ ಫೈಲ್‌ಗಳು) ಬರುವುದಿಲ್ಲ. ಮೆಡಿಕಲ್ ಅಂಗಡಿಗಳ ಡ್ರಗ್ ಲೈಸೆನ್ಸ್‌ನ ಸ್ಕ್ಯಾನ್ ಪ್ರತಿಗಳು ಹಾಗೆ ಇದ್ದವು. ಅವನ್ನು ಬೇರೆಯಾಗಿ ಕಾಪಿ ಮಾಡಿ, ಆ ಸಂಜೆ ಹೊಸ ಅಪ್‌ಲೋಡ್ ಬಂದ್ ಮಾಡುವುದು ಅಂತಾಯಿತು.

ಪ್ರೈಮರಿ ಕೀ (ಪ್ರತಿ ಸಾಲನ್ನು ಬೇರೆಯಾಗಿ ಗುರುತಿಸುವ ಕಾಲಮ್) ಇಲ್ಲದ ಟೇಬಲ್‌ಗಳು ನಿಜವಾಗಿ ಅಪಾಯದವು. ಅಂಥ ಟೇಬಲನ್ನು ಹಾಗೇ ಪಬ್ಲಿಕೇಶನ್‌ಗೆ (ಹೊಸ ಕಡೆಗೆ ಹರಿಸಬೇಕಾದ ಟೇಬಲ್‌ಗಳ ಪಟ್ಟಿಗೆ) ಸೇರಿಸಿದರೆ ಆ ಕ್ಷಣದಿಂದ ಅದರ ಮೇಲೆ ಅಪ್‌ಡೇಟ್, ಡಿಲೀಟ್ ನಡೆಯುವುದಿಲ್ಲ. ಹಳೇ, ಜೀವಂತ ಸರ್ವರ್‌ನಲ್ಲೇ ಎರರ್ ಬರುತ್ತದೆ! ಡೌನ್‌ಟೈಮ್ ಕಡಿಮೆ ಮಾಡಲು ಹೋಗಿ ಹಾಡಹಗಲೇ ಡೌನ್‌ಟೈಮ್ ತಂದುಕೊಂಡಂತೆ. ಸಣ್ಣ ಟೇಬಲ್‌ಗಳಿಗೆ ರೆಪ್ಲಿಕಾ ಐಡೆಂಟಿಟಿಯನ್ನು ಫುಲ್ ಮಾಡಿದೆವು, ಅಂದರೆ ಇಡೀ ಸಾಲೇ ಗುರುತು. ಸ್ಟಾಕ್ ಚಲನೆಯ ದೊಡ್ಡ ಟೇಬಲ್‌ಗೆ ಸಾಲು ಸೇರುವುದು ಮಾತ್ರ, ಬದಲಾಗುವುದಿಲ್ಲ. ಬರೀ ಇನ್ಸರ್ಟ್ ಇದ್ದರೆ ತೊಂದರೆ ಇಲ್ಲ, ಹಾಗಾಗಿ ಮುಟ್ಟಲಿಲ್ಲ.

ಸೀಕ್ವೆನ್ಸ್‌ಗಳು (ಮುಂದಿನ ನಂಬರ್ ಕೊಡುವ ಎಣಿಕೆಗಳು) ಬರುವುದಿಲ್ಲ. ಆರ್ಡರ್ ಐಡಿ, ಗ್ರಾಹಕರ ಐಡಿ ಇತ್ಯಾದಿಗೆ ಹೊಸ ಕಡೆ ಒಂದಷ್ಟು ಮುಂದಕ್ಕೆ ತಳ್ಳಿ ಇಟ್ಟರೆ ಆಯಿತು. ಬಿಲ್ ನಂಬರ್‌ಗೆ ಹಾಗೆ ಮಾಡುವ ಹಾಗಿಲ್ಲ. ಜಿಎಸ್‌ಟಿ ನಿಯಮದ ಪ್ರಕಾರ ಇನ್‌ವಾಯ್ಸ್ ನಂಬರ್ ಒಂದರ ಹಿಂದೆ ಒಂದು ಸಾಲಾಗಿ ಬರಬೇಕು. ಅದೃಷ್ಟಕ್ಕೆ ಈ ಸಾಫ್ಟ್‌ವೇರ್ ಬರೆದ ಹಳೇ ಪ್ರೋಗ್ರಾಮರ್ ಬಿಲ್ ನಂಬರನ್ನು ಸೀಕ್ವೆನ್ಸ್‌ನಲ್ಲಿ ಇಡದೆ ಒಂದು ಸಾಮಾನ್ಯ ಟೇಬಲ್‌ನಲ್ಲಿ ಇಟ್ಟಿದ್ದರು. ಟೇಬಲ್ ಆದ್ದರಿಂದ ಅದು ತಾನಾಗಿ ಬಂತು. ಯಾರೋ ಪುಣ್ಯಾತ್ಮರು!

ಇನ್ನು ಸ್ಲಾಟ್. ಹೊಸ ಯಂತ್ರ ಎಲ್ಲಿಯವರೆಗೆ ಓದಿದೆ ಅಂತ ಹಳೇ ಸರ್ವರ್ ಒಂದು ರೆಪ್ಲಿಕೇಶನ್ ಸ್ಲಾಟ್‌ನಲ್ಲಿ ಗುರುತು ಇಟ್ಟುಕೊಳ್ಳುತ್ತದೆ. ಓದದ ಲಾಗ್ ಅಳಿಸುವುದಿಲ್ಲ. ಹೊಸ ವಿಎಂ ಶನಿವಾರ ಮಧ್ಯಾಹ್ನ ನಿಂತು, ಯಾರೂ ನೋಡದೆ ಸೋಮವಾರ ಬಂದರೆ? ಅಷ್ಟೂ ಲಾಗ್ ಹಳೇ ಡಿಸ್ಕ್‌ನಲ್ಲಿ ಗುಡ್ಡೆ ಬೀಳುತ್ತದೆ. ಡಿಸ್ಕ್ ತುಂಬಿದರೆ ಪೋಸ್ಟ್‌ಗ್ರೆಸ್ ನಿಲ್ಲುತ್ತದೆ. ಸ್ಲಾಟ್ ಹಿಡಿದಿಡುವ ಲಾಗ್‌ಗೆ ಮಿತಿ ಹಾಕುವ ಸೆಟ್ಟಿಂಗ್ ಬಂದದ್ದು ಪೋಸ್ಟ್‌ಗ್ರೆಸ್ 13ರಲ್ಲಿ. ನಮ್ಮದು 11. ಹಾಗಾಗಿ ಒಂದು ಸಣ್ಣ ಸ್ಕ್ರಿಪ್ಟ್ ಇಟ್ಟೆವು. ಸ್ಲಾಟ್ ಹಿಂದೆ ಬಿದ್ದ ದೂರ 20 ಜಿಬಿ ದಾಟಿದರೆ ಫೋನ್‌ಗೆ ಸಂದೇಶ, 80 ದಾಟಿದರೆ ಸ್ಲಾಟ್ ತಾನಾಗಿ ರದ್ದು. ರದ್ದಾದರೆ ಕಾಪಿ ಮೊದಲಿನಿಂದ ಶುರು ಮಾಡಬೇಕು. ಮಾಡೋಣ, ಅದಕ್ಕೇನು? ವ್ಯಾಪಾರ ನಿಲ್ಲುವುದಕ್ಕಿಂತ ವಾಸಿ ಅಲ್ವಾ?

ಯಾರು ಯಾರು ಮಾತಾಡುತ್ತಿದ್ದಾರೆ?

ನನ್ನ ಅನುಭವದಲ್ಲಿ ಇಂಥ ಸ್ಥಳಾಂತರ ಕೆಡುವುದು ಡೇಟಾದಲ್ಲಿ ಕಡಿಮೆ, ಕನೆಕ್ಷನ್‌ಗಳಲ್ಲಿ ಜಾಸ್ತಿ. ಐಟಿಯವರನ್ನು ಕೇಳಿದಾಗ ಡೇಟಾಬೇಸ್‌ಗೆ ಕನೆಕ್ಟ್ ಆಗುವುದು ಬಿಲ್ಲಿಂಗ್ ಸಾಫ್ಟ್‌ವೇರ್ ಮತ್ತು ಆ್ಯಪ್ ಎರಡೇ ಅಂದರು. ನಾವು ಪ್ರತಿ ನಿಮಿಷ ಯಾವ ಐಪಿಯಿಂದ, ಯಾವ ಹೆಸರಿನಲ್ಲಿ, ಯಾವ ಪ್ರೋಗ್ರಾಮ್ ಒಳಗಿದೆ ಅಂತ ಬರೆದಿಡುವ ವ್ಯವಸ್ಥೆ ಮಾಡಿದೆವು. ಅದನ್ನು ಇಡೀ ಒಂದು ತಿಂಗಳು ಓಡಿಸಿದೆವು. ತಿಂಗಳ ಕೊನೆಗೆ ಮಾತ್ರ ಏಳುವ ಪ್ರೋಗ್ರಾಮ್‌ಗಳು ಇರುತ್ತವೆ, ಅದಕ್ಕೆ.

ಪಟ್ಟಿ ಬೆಳೆಯುತ್ತಾ ಹೋಯಿತು. ಅಕೌಂಟ್ಸ್ ವಿಭಾಗದ ಎಕ್ಸೆಲ್ ಫೈಲ್‌ಗಳು ನೇರ ಕನೆಕ್ಟ್ ಆಗಿದ್ದವು. ಟ್ಯಾಲಿಗೆ ಲೆಕ್ಕ ಕಳಿಸುವ ಒಂದು ಸ್ಕ್ರಿಪ್ಟ್. ಗೋಡೌನ್ ಮೂಲೆಯಲ್ಲಿ ಲೇಬಲ್ ಪ್ರಿಂಟ್ ಮಾಡುವ ವಿಂಡೋಸ್ 7 ಕಂಪ್ಯೂಟರ್. ತಿಂಗಳ ಮೊದಲ ದಿನ ರಾತ್ರಿ ಎಕ್ಸ್‌ಪೈರಿ ಹತ್ತಿರದ ಸ್ಟಾಕ್ ಪಟ್ಟಿ ತೆಗೆಯುವ ಇನ್ನೊಂದು ಸ್ಕ್ರಿಪ್ಟ್. ಅದನ್ನು ಬರೆದವರು ಕೆಲಸ ಬಿಟ್ಟು ಹೋಗಿ ವರ್ಷಗಳೇ ಆಗಿದ್ದವು. ಬಹುತೇಕ ಎಲ್ಲದರಲ್ಲೂ ಸರ್ವರ್‌ನ ಹೆಸರಿನ ಬದಲು ಐಪಿ ನಂಬರನ್ನೇ ಬರೆದಿಟ್ಟಿದ್ದರು.

ಒಂದೊಂದರ ಒಳಗೂ ಹೋಗಿ ಐಪಿ ಬದಲಿಸುವ ಬದಲು ಮುಂದೆ ಒಂದು ಕಾವಲುಗಾರನನ್ನು ಕೂರಿಸಿದೆವು. ಪಿಜಿಬೌನ್ಸರ್. ಹಿಂದಿನ ಒಂದು ಭಾನುವಾರ ಹಳೇ ಸರ್ವರ್‌ಗೆ ಹೊಸ ಐಪಿ ಕೊಟ್ಟು, ಎಲ್ಲರಿಗೂ ಗೊತ್ತಿದ್ದ ಹಳೇ ಐಪಿಯನ್ನು ಪಿಜಿಬೌನ್ಸರ್ ಇರುವ ಸಣ್ಣ ವಿಎಂಗೆ ಕೊಟ್ಟೆವು. ಲಾಜಿಕಲ್ ರೆಪ್ಲಿಕೇಶನ್‌ಗೆ ಲಾಗ್‌ನ ಮಟ್ಟ ಬದಲಿಸಿ ಪೋಸ್ಟ್‌ಗ್ರೆಸ್ ರೀಸ್ಟಾರ್ಟ್ ಮಾಡಲೇಬೇಕಿತ್ತು. ಎರಡೂ ಕೆಲಸ ಒಂದೇ ರೀಸ್ಟಾರ್ಟ್‌ನಲ್ಲಿ ಮುಗಿದವು. ಅಂದಿನಿಂದ ಎಲ್ಲರೂ ಪಿಜಿಬೌನ್ಸರ್ ಜೊತೆ ಮಾತಾಡುತ್ತಿದ್ದರು, ಅದು ಒಳಗೆ ಹಳೇ ಡೇಟಾಬೇಸ್ ಜೊತೆ. ಕನೆಕ್ಷನ್ ಪಟ್ಟಿ ಮಾಡುವ ಕೆಲಸ ಇದಕ್ಕೆ ಮೊದಲೇ ಆಗಬೇಕು. ಆಮೇಲೆ ಡೇಟಾಬೇಸ್‌ಗೆ ಎಲ್ಲರೂ ಪಿಜಿಬೌನ್ಸರ್‌ನ ಐಪಿಯಿಂದಲೇ ಬಂದಂತೆ ಕಾಣುತ್ತದೆ.

ಪಿಜಿಬೌನ್ಸರ್‌ನಲ್ಲಿ ಪಾಸ್ ಎಂಬ ಆಜ್ಞೆ ಇದೆ, ತಡೆದು ನಿಲ್ಲಿಸುವ ಪಾಸ್. ನಡೆಯುತ್ತಿರುವ ಟ್ರಾನ್ಸಾಕ್ಷನ್ ಮುಗಿಯಲು ಬಿಡುತ್ತದೆ. ಹೊಸದಾಗಿ ಬಂದವರಿಗೆ ಎರರ್ ಕೊಡುವುದಿಲ್ಲ, ಸುಮ್ನೆ ಕಾಯಿಸುತ್ತದೆ. ಹಿಂದಿನ ಡೇಟಾಬೇಸ್ ಬದಲಿಸಿ ರೆಸ್ಯೂಮ್ ಅಂದರೆ ಕಾಯುತ್ತಿದ್ದವರೆಲ್ಲ ಹೊಸದಕ್ಕೆ ಹೋಗುತ್ತಾರೆ. ಆರ್ಡರ್ ಹಾಕುವ ಅಂಗಡಿಯವನಿಗೆ ಆ್ಯಪ್‌ನಲ್ಲಿ ಚಕ್ರ ಸ್ವಲ್ಪ ಜಾಸ್ತಿ ಹೊತ್ತು ತಿರುಗಿದಂತೆ ಕಾಣುತ್ತದೆ, ಅಷ್ಟೇ. ಎರಡು ಷರತ್ತು ಇವೆ. ಸೆಶನ್ ಮೋಡ್‌ನಲ್ಲಿ ಪಾಸ್ ಪ್ರತಿ ಕ್ಲೈಂಟ್ ಬಿಟ್ಟು ಹೋಗುವವರೆಗೆ ಕಾಯುತ್ತದೆ, ಹಾಗಾಗಿ ಟ್ರಾನ್ಸಾಕ್ಷನ್ ಮೋಡ್ ಬೇಕು. ಎರಡನೆಯದು, ಕಾಯುವವರ ತಾಳ್ಮೆ ಡೀಫಾಲ್ಟ್ ಆಗಿ 120 ಸೆಕೆಂಡ್. ಅದು ದಾಟಿದರೆ ಪಿಜಿಬೌನ್ಸರ್ ಅವರನ್ನು ಹೊರಗೆ ಹಾಕುತ್ತದೆ. ನಾವು ಅದನ್ನು 300ಕ್ಕೆ ಏರಿಸಿದೆವು. ಆದರೆ ಆ್ಯಪ್‌ನ ತಾಳ್ಮೆ ಬೇರೆ ಇರುತ್ತದೆ, ಅದನ್ನೂ ನೋಡಬೇಕು. ಅದಕ್ಕೇ ಗುರಿ ಎರಡು ನಿಮಿಷ ಅಂತ ಇಟ್ಟುಕೊಂಡದ್ದು.

ವಿಎಂ ಒಳಗೆ

ಇಲ್ಲಿ ಹೇಳುವುದು ಕಡಿಮೆ ಇದೆ. ವಿಎಂಗೆ ಒಂದು ಸಾಕೆಟ್‌ನೊಳಗೆ ಹಿಡಿಸುವಷ್ಟೇ ಕೋರ್ ಮತ್ತು ಮೆಮೊರಿ ಕೊಟ್ಟೆವು, ನೂಮಾ ತೊಡಕು (ಇನ್ನೊಂದು ಪ್ರೊಸೆಸರ್‌ನ ಮೆಮೊರಿಗೆ ಹೋಗಿ ನಿಧಾನವಾಗುವುದು) ಬರದಿರಲಿ ಅಂತ. ಮೆಮೊರಿ ಬಲೂನಿಂಗ್ (ವಿಎಂನ ಮೆಮೊರಿಯನ್ನು ನಡುವೆ ವಾಪಸ್ ಪಡೆಯುವುದು) ಆಫ್. ಡಿಸ್ಕ್‌ಗೆ ವರ್ಟಿಐಒ ಸ್ಕಸಿ, ಪ್ರತ್ಯೇಕ ಐಒ ಥ್ರೆಡ್.

ಒಂದು ಕಡೆ ಮಾತ್ರ ಸಮಯ ಕೊಟ್ಟೆವು. ಹಳೇ ರೇಡ್ ಕಾರ್ಡ್‌ನಲ್ಲಿ ಬ್ಯಾಟರಿ ಇರುವ ಕ್ಯಾಶ್ (ತಾತ್ಕಾಲಿಕ ಮೆಮೊರಿ) ಇತ್ತು. ಕಮಿಟ್ (ಬರಹವನ್ನು ಖಾಯಂ ಮಾಡು ಅನ್ನುವ ಆಜ್ಞೆ) ಬಂದ ಕೂಡಲೇ ಅದು "ಆಯ್ತು" ಅನ್ನುತ್ತಿತ್ತು. ಹೊಸದರಲ್ಲಿ ಆ ಕಾರ್ಡ್ ಇಲ್ಲ. ಎಸ್‌ಎಸ್‌ಡಿ ಎಷ್ಟೇ ವೇಗದ್ದಾಗಿರಲಿ, ಕರೆಂಟ್ ಹೋದಾಗ ಡೇಟಾ ಉಳಿಸುವ ಕೆಪಾಸಿಟರ್ ಅದರಲ್ಲಿ ಇಲ್ಲದಿದ್ದರೆ ಪ್ರತಿ ಕಮಿಟ್‌ಗೂ ಚಿಪ್‌ಗೆ ಬರೆದೇ ಉತ್ತರ ಕೊಡಬೇಕು. ಆಗ ಹಳೇ ತಿರುಗುವ ಡಿಸ್ಕ್‌ಗಿಂತಲೂ ನಿಧಾನ ಅನ್ನಿಸಬಹುದು. ಪಿಜಿ ಟೆಸ್ಟ್ ಎಫ್‌ಸಿಂಕ್ ಎಂಬ ಪುಟ್ಟ ಸಾಧನ ಪೋಸ್ಟ್‌ಗ್ರೆಸ್ ಜೊತೆಗೇ ಬರುತ್ತದೆ. ಎರಡೂ ಯಂತ್ರದಲ್ಲಿ ಓಡಿಸಿ ಹೋಲಿಸಿ, ಎಂಟರ್‌ಪ್ರೈಸ್ ಎಸ್‌ಎಸ್‌ಡಿಗಳನ್ನೇ ಹಾಕಿಸಿದೆವು. ವೇಗ ಬರಲಿ ಅಂತ ವಿಎಂ ಡಿಸ್ಕ್‌ನ ಕ್ಯಾಶನ್ನು ಅನ್‌ಸೇಫ್ ಎಂಬ ಮೋಡ್‌ಗೆ ಹಾಕುವವರನ್ನು ನೋಡಿದ್ದೇನೆ. ಅದು ಫ್ಲಶ್ (ಈಗಲೇ ಡಿಸ್ಕ್‌ಗೆ ಬರೆ ಅನ್ನುವ) ಆಜ್ಞೆಯನ್ನೇ ಕಡೆಗಣಿಸುತ್ತದೆ. ಬಿಲ್ ಇರುವ ಡೇಟಾಬೇಸ್‌ಗೆ ಅದು ಬೇಡವೇ ಬೇಡ.

ಆ ರಾತ್ರಿ

ಹಗಲಲ್ಲೇ ಎರಡೂ ಕಡೆ ಲೆಕ್ಕ ತಾಳೆ ನೋಡಿದ್ದೆವು. ಪ್ರತಿ ಶಾಖೆ, ಪ್ರತಿ ದಿನದ ಬಿಲ್ ಸಂಖ್ಯೆ ಮತ್ತು ಮೊತ್ತ, ಪ್ರತಿ ಔಷಧದ ಉಳಿದ ಸ್ಟಾಕ್. ಹೊಸದರಲ್ಲಿ ಅನಲೈಸ್ ಓಡಿಸಿ ಅಂಕಿಅಂಶ ಕೂಡಿಸಿಟ್ಟಿದ್ದೆವು. ಪಿಜಿ ಪ್ರಿವಾರ್ಮ್‌ನಿಂದ ಸ್ಟಾಕ್, ಗ್ರಾಹಕ, ದರದ ಟೇಬಲ್‌ಗಳನ್ನು ಮೆಮೊರಿಗೆ ಎಳೆದುಕೊಂಡಿದ್ದೆವು. ಹಳೇ ಸರ್ವರ್ ವರ್ಷಗಳಿಂದ ಬೆಚ್ಚಗಿದ್ದದ್ದು, ಹೊಸದು ತಣ್ಣಗೆ. ಬೆಳಗಿನ ನಾಲ್ಕಕ್ಕೆ ಪ್ಯಾಕಿಂಗ್ ಸ್ಕ್ರೀನ್ ಅರ್ಧ ನಿಮಿಷ ತೆಗೆದುಕೊಂಡರೆ ಗೋಡೌನ್ ಜನರ ಪಾಲಿಗೆ ಅದೂ ಡೌನ್‌ಟೈಮೇ.

ಮೊದಲು ನಿಲ್ಲಿಸಿದ್ದು ಇ-ಇನ್‌ವಾಯ್ಸ್ ಸಾಲನ್ನು. ಬಿಲ್‌ನ ವಿವರ ಸರ್ಕಾರಿ ಪೋರ್ಟಲ್‌ಗೆ ಹೋಗಿ, ಐಆರ್‌ಎನ್ ಅಲ್ಲಿ ಹುಟ್ಟಿ, ಉತ್ತರ ನಮ್ಮ ಕಡೆ ಬರೆಯುವ ಮೊದಲೇ ಡೇಟಾಬೇಸ್ ನಿಂತರೆ ಪೇಚು. ಅದೇ ಬಿಲ್ ಮತ್ತೆ ಕಳಿಸಿದರೆ ಡೂಪ್ಲಿಕೇಟ್ ಅಂತ ಬರುತ್ತದೆ. ಬಿಡಿಸಬಹುದು, ಆದರೆ ಆ ಹೊತ್ತಿನಲ್ಲಿ ಬೇಡ. ಸಾಲು ಖಾಲಿ ಆಗುವವರೆಗೆ ಕಾದೆವು.

ನಂತರ ಪಾಸ್. ನಡೆಯುತ್ತಿದ್ದ ಟ್ರಾನ್ಸಾಕ್ಷನ್‌ಗಳು ಕೆಲವೇ ಸೆಕೆಂಡಿನಲ್ಲಿ ಮುಗಿದವು. ಹಳೇ ಪೋಸ್ಟ್‌ಗ್ರೆಸ್‌ನ ಪ್ರವೇಶ ನಿಯಮ ಬದಲಿಸಿ, ನಮ್ಮದು ಮತ್ತು ರೆಪ್ಲಿಕೇಶನ್ನಿನದು ಬಿಟ್ಟು ಬೇರೆ ಎಲ್ಲ ಕನೆಕ್ಷನ್‌ಗಳನ್ನೂ ಮುಚ್ಚಿದೆವು. ಪಿಜಿಬೌನ್ಸರ್ ತಪ್ಪಿಸಿ ನೇರ ಬರುವವರು ಯಾರಾದರೂ ಇದ್ದರೆ ಹಳೇ ಕಡೆ ಬರೆದುಬಿಟ್ಟಾರು ಅಂತ. ಎರಡು ಡೇಟಾಬೇಸ್‌ಗಳಲ್ಲಿ ಎರಡು ಸತ್ಯ ಇರುವುದಕ್ಕಿಂತ ಒಂದು ಗಂಟೆ ಬಂದ್ ಇರುವುದು ಮೇಲು. ಹಳೇ ಕಡೆಯ ಕೊನೆಯ ಲಾಗ್ ಸ್ಥಾನ ನೋಡಿಕೊಂಡು, ಹೊಸದು ಅಲ್ಲಿಯವರೆಗೆ ಓದಿದೆ ಅಂತ ಸ್ಲಾಟ್ ತೋರಿಸುವವರೆಗೆ ಕಾದೆವು. ಸೀಕ್ವೆನ್ಸ್‌ಗಳನ್ನು ಮುಂದಕ್ಕೆ ತಳ್ಳುವ ಸ್ಕ್ರಿಪ್ಟ್ ಓಡಿತು. ಕೊನೆಯ ಬಿಲ್ ನಂಬರ್ ಎರಡೂ ಕಡೆ ಒಂದೇ ಇದೆಯಾ ಅಂತ ಕಣ್ಣಲ್ಲೇ ನೋಡಿದೆವು.

ಮುಂದಿನ ಹೆಜ್ಜೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಹಳೆಯದರಿಂದ ಹೊಸದಕ್ಕೆ ಬರುತ್ತಿದ್ದ ಸಬ್‌ಸ್ಕ್ರಿಪ್ಶನ್ (ಬದಲಾವಣೆಗಳನ್ನು ಎಳೆದುಕೊಳ್ಳುವ ಕೊಂಡಿ) ತೆಗೆದು, ಹೊಸದರಿಂದ ಹಳೆಯದಕ್ಕೆ ಉಲ್ಟಾ ಸಬ್‌ಸ್ಕ್ರಿಪ್ಶನ್ ಹಾಕಿದೆವು. ಡೇಟಾ ಕಾಪಿ ಬೇಡ, ಇನ್ನು ಮೇಲಿನ ಬದಲಾವಣೆ ಮಾತ್ರ ಸಾಕು ಅಂತ. ಹೊಸದರಲ್ಲಿ ಒಂದು ಬರಹವೂ ಆಗುವ ಮೊದಲೇ ಇದನ್ನು ಮಾಡಬೇಕು. ಇದು ಇದ್ದರೆ ಬುಧವಾರ ಮಧ್ಯಾಹ್ನ ಏನೋ ಕೆಟ್ಟರೂ ಎರಡು ದಿನದ ಬಿಲ್ ಕಳೆದುಕೊಳ್ಳದೆ ಹಳೇ ಸರ್ವರ್‌ಗೆ ವಾಪಸ್ ಹೋಗಬಹುದು. ಸೀಕ್ವೆನ್ಸ್ ತಳ್ಳುವ ಸ್ಕ್ರಿಪ್ಟನ್ನು ಮಾತ್ರ ಆಗ ಹಳೇ ಕಡೆ ಓಡಿಸಬೇಕು.

ಪಿಜಿಬೌನ್ಸರ್‌ನ ಕಾನ್ಫಿಗ್‌ನಲ್ಲಿ ಹೊಸ ವಿಎಂನ ವಿಳಾಸ, ರೀಲೋಡ್, ರೆಸ್ಯೂಮ್. ಕಾಯುತ್ತಿದ್ದ ಕೆಲವು ಆರ್ಡರ್‌ಗಳು ಒಟ್ಟಿಗೆ ಒಳಗೆ ಬಂದವು. ಪಾಸ್‌ನಿಂದ ರೆಸ್ಯೂಮ್‌ವರೆಗೆ ಎರಡು ನಿಮಿಷ ಹಿಡಿಯಲಿಲ್ಲ. ಅದರಲ್ಲಿ ಡೇಟಾಬೇಸ್‌ಗೆ ಬೇಕಾದದ್ದು ಅರ್ಧಕ್ಕಿಂತ ಕಡಿಮೆ. ಉಳಿದದ್ದು ನಾವು ಪರದೆ ನೋಡಿ, ಒಬ್ಬರು ಓದಿ ಹೇಳಿ, ಇನ್ನೊಬ್ಬರು ಹೌದು ಅನ್ನುವುದಕ್ಕೆ ಹೋದದ್ದು. ಎಲ್ಲ ಹೆಜ್ಜೆಗಳನ್ನೂ ಒಂದೇ ಸ್ಕ್ರಿಪ್ಟ್‌ನಲ್ಲಿ ಹಾಕಿದ್ದರೆ ಇನ್ನೂ ಬೇಗ ಆಗುತ್ತಿತ್ತು. ಬೇಕೆಂದೇ ಹಾಕಲಿಲ್ಲ. ಆ ಕೆಲವು ಸೆಕೆಂಡಿಗಾಗಿ ಮನುಷ್ಯರ ಕಣ್ಣು ತಪ್ಪಿಸುವುದು ನನಗೆ ಒಪ್ಪಿಗೆ ಇಲ್ಲ.

ಐದೂವರೆಗೆ ವ್ಯಾನ್ ಹೊರಟಿತು.

ಆಮೇಲೆ

ಮಂಗಳವಾರ ಲೇಬಲ್ ಪ್ರಿಂಟ್ ಮಾಡುವ ಕಂಪ್ಯೂಟರ್ ನಿಂತಿತು. ಸ್ಥಳಾಂತರದ ದಿನ ಸರಿ ಇದ್ದದ್ದು ಎರಡು ದಿನದ ಮೇಲೆ ಯಾಕೆ? ಯಾರೋ ಅದರ ಪಾಸ್‌ವರ್ಡ್ ಬದಲಿಸಿದ್ದರು. ಪೋಸ್ಟ್‌ಗ್ರೆಸ್ 14ರಿಂದ ಹೊಸ ಪಾಸ್‌ವರ್ಡ್‌ಗಳು ಡೀಫಾಲ್ಟ್ ಆಗಿ ಸ್ಕ್ರ್ಯಾಮ್ ಪದ್ಧತಿಯಲ್ಲಿ ಉಳಿಯುತ್ತವೆ. ಹಳೇ ಸರ್ವರ್‌ನಿಂದ ಬಂದ ಪಾಸ್‌ವರ್ಡ್‌ಗಳು ಎಂಡಿ5 ಎಂಬ ಹಳೇ ಪದ್ಧತಿಯಲ್ಲೇ ಇದ್ದವು, ಅವು ನಡೆಯುತ್ತಿದ್ದವು. ಬದಲಿಸಿದ್ದು ಸ್ಕ್ರ್ಯಾಮ್ ಆಯಿತು. ಆ ಕಂಪ್ಯೂಟರ್‌ನ ಓಬೀರಾಯನ ಕಾಲದ, ಡೇಟಾಬೇಸ್‌ಗೆ ಕನೆಕ್ಟ್ ಮಾಡಿಸುವ ಓಡಿಬಿಸಿ ಡ್ರೈವರ್‌ಗೆ ಸ್ಕ್ರ್ಯಾಮ್ ಗೊತ್ತಿಲ್ಲ. ಹೊಸ ಡ್ರೈವರ್ ಹಾಕಿದ ಮೇಲೆ ಸರಿಹೋಯಿತು.

ತಿಂಗಳ ಲೆಕ್ಕದ ಒಂದು ರಿಪೋರ್ಟ್ ಹೊಸದರಲ್ಲಿ ನಿಧಾನ ಆಯಿತು. ಉಳಿದವೆಲ್ಲ ವೇಗವಾದವು, ಅದೊಂದು ಬಿಟ್ಟು. 16ರ ಪ್ಲಾನರ್ (ಡೇಟಾ ಹೇಗೆ ಹುಡುಕಬೇಕು ಅಂತ ತೀರ್ಮಾನಿಸುವ ಭಾಗ) ಬೇರೆ ದಾರಿ ಹಿಡಿದಿತ್ತು. ಒಂದು ಇಂಡೆಕ್ಸ್ ಸೇರಿಸಿದೆವು.

ಉಲ್ಟಾ ರೆಪ್ಲಿಕೇಶನ್ ಮುಂದಿನ ತಿಂಗಳು 3ಬಿ ಸಲ್ಲಿಸುವವರೆಗೆ ನಡೆಯಿತು. ಒಂದು ಪೂರ್ತಿ ತೆರಿಗೆ ಚಕ್ರ ಹೊಸದರಲ್ಲಿ ಮುಗಿಯಲಿ ಅಂತ ಅಕೌಂಟ್ಸ್‌ನವರೇ ಕೇಳಿದ್ದು, ಸರಿಯಾಗಿಯೇ ಕೇಳಿದರು. ಅಲ್ಲಿಯವರೆಗೆ ಹಳೇ ಸರ್ವರ್‌ನ ರೇಡ್ ಬ್ಯಾಟರಿ ಎಚ್ಚರಿಕೆ ಕೊಡುತ್ತಲೇ ಇತ್ತು. ಆಮೇಲೆ ಸಬ್‌ಸ್ಕ್ರಿಪ್ಶನ್ ತೆಗೆದು, ಡಿಸ್ಕ್‌ಗಳನ್ನು ಅಳಿಸಿ ಆಫ್ ಮಾಡಿದೆವು.

ವರ್ಚುವಲ್ ಆದ ಮೇಲೆ ಮಾಲೀಕರು ಎರಡು ಪ್ರಶ್ನೆ ಕೇಳಿದರು. ಮೊದಲನೆಯದು, ಇನ್ನು ಸ್ನ್ಯಾಪ್‌ಶಾಟ್ ತೆಗೆದರೆ ಸಾಕಲ್ವಾ, ಬ್ಯಾಕಪ್ ಬೇಕಾ? ಬೇಕು. ಅದೇ ಡಿಸ್ಕ್ ಮೇಲೆ ಇರುವ ಸ್ನ್ಯಾಪ್‌ಶಾಟ್ ಆ ಡಿಸ್ಕ್ ಜೊತೆಗೇ ಹೋಗುತ್ತದೆ. ಈಗ ಪಿಜಿಬ್ಯಾಕ್‌ರೆಸ್ಟ್ ಪ್ರತಿ ರಾತ್ರಿ ಬೇರೆ ಯಂತ್ರಕ್ಕೆ ಬ್ಯಾಕಪ್ ಕಳಿಸುತ್ತದೆ. ಲಾಗ್‌ಗಳು ಹಗಲೆಲ್ಲ ಹೋಗುತ್ತಲೇ ಇರುತ್ತವೆ. ಎರಡನೆಯದು, ಈ ಸರ್ವರ್ ಕೆಟ್ಟರೆ ವಿಎಂ ತಾನಾಗಿ ಇನ್ನೊಂದಕ್ಕೆ ಹಾರುತ್ತದಾ? ಡಿಸ್ಕ್ ಒಂದೇ ಸರ್ವರ್‌ನ ಒಳಗಿರುವಾಗ ಹಾರುವುದಿಲ್ಲ. ಅದಕ್ಕೆ ಎರಡನೇ ಸರ್ವರ್‌ನಲ್ಲಿ ಇನ್ನೊಂದು ಪೋಸ್ಟ್‌ಗ್ರೆಸ್ ವಿಎಂ ಎಬ್ಬಿಸಿ ಸ್ಟ್ರೀಮಿಂಗ್ ರೆಪ್ಲಿಕಾ ಇಟ್ಟಿದ್ದೇವೆ. ಈ ಸಲ ಎರಡೂ ಕಡೆ ಡೆಬಿಯನ್ 12, ಎರಡೂ ಕಡೆ ಗ್ಲಿಬ್‌ಸಿ 2.36. ಓಎಸ್ ಅಪ್‌ಗ್ರೇಡ್ ಮಾಡುವ ದಿನ ಮೊದಲು "11" ಮತ್ತು "1-1" ಜೋಡಿಸಿ ನೋಡಿ ಅಂತ ಅಲ್ಲಿನ ಐಟಿಯವರ ಚೆಕ್‌ಲಿಸ್ಟ್‌ನಲ್ಲಿ ಬರೆಸಿದ್ದೇವೆ.